ಗೇರ್ ನಂಬರ್ ಮಾಯವಾದರೆ ಗೇರ್‌ಬಾಕ್ಸ್ ಬಿಚ್ಚಬೇಕೇ?

ಪ್ರಶ್ನೆ: ನನ್ನ ಬೈಕಿನ ಮೀಟರಿನಲ್ಲಿ ಗೇರ್ ನಂಬರ್ ಆಗಾಗ ಹೋಗಿ ಅಡ್ಡಗೆರೆ ಬರುತ್ತದೆ. ನ್ಯೂಟ್ರಲ್‌ನಲ್ಲಿದ್ದರೂ ಕೆಲವು ಸಲ ಹಸಿರು ದೀಪ ಹತ್ತುವುದಿಲ್ಲ, ಆಗ ಸೆಲ್ಫ್ ಕೂಡ ತಗೊಳ್ಳಲ್ಲ. ಗೇರ್ ಮಾತ್ರ ಸಲೀಸಾಗಿ ಬೀಳುತ್ತದೆ. ದಿನಾ ನಾಲೆ ದಾರಿಯಲ್ಲಿ ಗದ್ದೆಗೆ ಹೋಗಿ ಬರುತ್ತೇನೆ. ಗೇರ್‌ಬಾಕ್ಸ್ ಬಿಚ್ಚಬೇಕು ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಮಲೇಬೆನ್ನೂರು

ಉತ್ತರ: ಗೇರ್‌ಬಾಕ್ಸ್ ಬಿಚ್ಚಿಸಬೇಡಿ. ಗೇರ್ ಸಲೀಸಾಗಿ ಬೀಳುತ್ತಿದೆ ಅಂದಮೇಲೆ ಒಳಗೆ ಕೈ ಹಾಕುವ ಕಾರಣವೇ ಇಲ್ಲ. ತೊಂದರೆ ಇರುವುದು ಯಾವ ಗೇರ್ ಬಿದ್ದಿದೆ ಅಂತ ಮೀಟರಿಗೆ ಹೇಳುವ ಸೆನ್ಸರ್‌ನಲ್ಲಿ, ಇಲ್ಲವೇ ಅದರ ವೈರಿನಲ್ಲಿ. ದಾವಣಗೆರೆಯ ನನ್ನ ಗ್ಯಾರೇಜಿಗೆ ಭತ್ತದ ಸೀಮೆಯಿಂದ ಬರುವ ಬೈಕುಗಳಲ್ಲಿ ವೈರಿನ ತೊಂದರೆಯೇ ಜಾಸ್ತಿ.

ಗೇರ್ ಬದಲಿಸಿದಾಗ ಇಂಜಿನ್ ಒಳಗೆ ಶಿಫ್ಟ್ ಡ್ರಮ್, ಅಂದರೆ ಗೇರ್ ಬದಲಿಸುವ ಉರುಳೆ, ಒಂದಿಷ್ಟು ತಿರುಗುತ್ತದೆ. ಅದರ ತುದಿಯಲ್ಲಿ ಈ ಸೆನ್ಸರ್ ಕೂತಿರುತ್ತದೆ. ಬಹಳಷ್ಟು ಬೈಕುಗಳಲ್ಲಿ ಎಡಗಡೆ, ಮುಂದಿನ ಚೈನ್ ಸ್ಪ್ರಾಕೆಟ್ ಹತ್ತಿರ. ಚೈನಿನ ಎಣ್ಣೆ, ಗದ್ದೆ ಕೆಸರು ಎರಡೂ ಸೇರಿ ಮೆತ್ತಿಕೊಳ್ಳುವ ಜಾಗವೇ ಅದು. ಮೇಲೆ ವಾಟರ್ ಸರ್ವಿಸ್‌ನಲ್ಲಿ ಜೋರಾಗಿ ನೀರು ಹೊಡೆದರೆ ಸೆನ್ಸರ್ ವೈರ್ ಜೋಡಿಸುವ ಕನೆಕ್ಟರ್ ಒಳಗೂ ನೀರು ಹೋಗುತ್ತದೆ, ಅಲ್ವಾ?

ಮೊದಲು ಒಂದು ವಿಷಯ ಗಮನಿಸಿ. ಅಡ್ಡಗೆರೆ ಬರುವುದು ಯಾವಾಗಲೂ ಒಂದೇ ಗೇರಿನಲ್ಲೋ, ಅಥವಾ ರಸ್ತೆ ಗುಂಡಿಯಲ್ಲಿ ಕುಲುಕಿದಾಗ ಯಾವ ಗೇರಿನಲ್ಲಾದರೂ ಬರುತ್ತದೋ? ಒಂದೇ ಗೇರಿನಲ್ಲಾದರೆ ಸೆನ್ಸರ್ ಒಳಗೆ ಆ ಜಾಗ ಸವೆದಿರುವ ಅನುಮಾನ. ಕುಲುಕಿದಾಗ ಬಂದರೆ ವೈರೋ ಕನೆಕ್ಟರೋ. ನಿಮ್ಮದರಲ್ಲಿ ನ್ಯೂಟ್ರಲ್ ದೀಪವೂ ಕೈಕೊಡುತ್ತಿರುವುದರಿಂದ ನನಗೆ ಕನೆಕ್ಟರ್ ಮೇಲೇ ಕಣ್ಣು.

ಕೀ ಆಫ್ ಮಾಡಿ ಕನೆಕ್ಟರ್ ಬಿಚ್ಚಿ ನೋಡಿ. ಪಿನ್ ಮೇಲೆ ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಹಾಕಿ. ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಡಿ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತಾ ಒಂದೊಂದೇ ಗೇರ್ ಹಾಕಿ, ವೈರನ್ನು ಅಲ್ಲಾಡಿಸಿ. ನಂಬರ್ ಮಿಣುಕಿದ ಕಡೆಯೇ ತೊಂದರೆ.

ಅಷ್ಟಕ್ಕೂ ಸಿಗದಿದ್ದರೆ ಮಲ್ಟಿಮೀಟರ್ ಬೇಕು. ಮೂರು ವೈರಿನ ಸೆನ್ಸರ್ ಆದರೆ ಸಾಮಾನ್ಯವಾಗಿ ಒಂದರಲ್ಲಿ ಇಸಿಯುನಿಂದ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) 5 ವೋಲ್ಟ್ ಬರುತ್ತದೆ, ಒಂದು ಅರ್ಥ್, ಇನ್ನೊಂದು ಸಿಗ್ನಲ್. ಸಿಗ್ನಲ್ ವೋಲ್ಟೇಜ್ ಗೇರಿಗೊಂದರಂತೆ ಬದಲಾಗಬೇಕು. 5 ವೋಲ್ಟೇ ಬರದಿದ್ದರೆ ಸೆನ್ಸರ್ ಬದಲಿಸಿ ಪ್ರಯೋಜನವಿಲ್ಲ, ವೈರಿಂಗ್ ಹಿಡಿದು ಹಿಂದಕ್ಕೆ ಹುಡುಕಬೇಕು. 5 ವೋಲ್ಟ್ ಮತ್ತು ಅರ್ಥ್ ಸರಿಯಿದ್ದೂ ಸಿಗ್ನಲ್ ಕುಣಿಯುತ್ತಿದ್ದರೆ ಮಾತ್ರ ಹೊಸ ಸೆನ್ಸರ್ ತನ್ನಿ. ಕೆಲವು ಬೈಕುಗಳಲ್ಲಿ ಗೇರಿಗೊಂದು ವೈರ್ ಇರುತ್ತದೆ. ಅಲ್ಲಿ ಆಯಾ ಗೇರಿನ ವೈರ್ ಅರ್ಥ್ ಆಗುತ್ತದೋ ಇಲ್ಲವೋ ನೋಡಿದರೆ ಸಾಕು.

ಸೆನ್ಸರ್ ಬದಲಿಸುವಾಗ ಅದರ ಓ-ರಿಂಗ್ (ರಬ್ಬರ್ ಬಳೆ) ಕೂಡ ಹೊಸದೇ ಹಾಕಿಸಿ, ಇಲ್ಲದಿದ್ದರೆ ಅಲ್ಲಿಂದ ಆಯಿಲ್ ಸೋರಬಹುದು. ಹಳೆಯ ಸೆನ್ಸರನ್ನು ನಿಧಾನಕ್ಕೆ ಎಳೆಯಲು ಹೇಳಿ. ಕೆಲವು ಮಾದರಿಗಳಲ್ಲಿ ಹಿಂದೆ ಸಣ್ಣ ಸ್ಪ್ರಿಂಗ್, ಪಿನ್ ಇರುತ್ತವೆ, ಸಟ್ಟನೆ ಎಗರಿ ಬೀಳುತ್ತವೆ.

ಸೆಲ್ಫ್ ತಗೊಳ್ಳದಿದ್ದಾಗ ಸೈಡ್ ಸ್ಟ್ಯಾಂಡ್ ಎತ್ತಿ, ಕ್ಲಚ್ ಪೂರ್ತಿ ಹಿಡಿದು ಒತ್ತಿ ನೋಡಿ. ಹಾಗೆ ಸ್ಟಾರ್ಟ್ ಆದರೆ ನ್ಯೂಟ್ರಲ್ ಸಿಗ್ನಲ್ಲೇ ಹೋಗುತ್ತಿಲ್ಲ ಎಂದರ್ಥ. ರಿಪೇರಿ ಆಗುವವರೆಗೆ ಹಸಿರು ದೀಪ ನಂಬಿ ಕ್ಲಚ್ ಬಿಡಬೇಡಿ. ಬೈಕನ್ನು ಸ್ವಲ್ಪ ಹಿಂದೆ ಮುಂದೆ ತಳ್ಳಿ, ನ್ಯೂಟ್ರಲ್ ಅಂತ ಖಾತ್ರಿ ಮಾಡಿಕೊಂಡೇ ಬಿಡಿ.