ಅಮೆರಿಕದ ಉದ್ಯಾನಗಳಲ್ಲಿ 1930ರ ದಶಕದ ಕಲ್ಲುಕಟ್ಟಡಗಳು ಅಷ್ಟೊಂದು ಏಕಿವೆ?

ಅವನ್ನು ಕಟ್ಟಿಸಿದ ನಿರುದ್ಯೋಗ ಪರಿಹಾರ ಯೋಜನೆಗಳ ಹಣದಲ್ಲಿ ದೊಡ್ಡ ಪಾಲು ಕೂಲಿಗೇ ಹೋಗಬೇಕಿತ್ತು, ಅದಕ್ಕೆ. ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗಾಗಿ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ 1933ರಲ್ಲಿ ಸಿಸಿಸಿ ಎಂಬ ಯುವಕರ ದಳವನ್ನೂ 1935ರಲ್ಲಿ ಡಬ್ಲ್ಯುಪಿಎ ಎಂಬ ಕಾಮಗಾರಿ ಸಂಸ್ಥೆಯನ್ನೂ ಶುರುಮಾಡಿತು. ಉಕ್ಕು, ಯಂತ್ರ ಕೊಂಡರೆ ದುಡ್ಡು ಹೊರಗೆ ಹೋಗುತ್ತದೆ. ಪಕ್ಕದ ಗುಡ್ಡದ ಕಲ್ಲು ಒಡೆದು ಕೈಯಲ್ಲೇ ಕಟ್ಟಿದರೆ ಖರ್ಚಿನ ಬಹುಭಾಗ ಕೂಲಿಯೇ. ಸಿಸಿಸಿ ಹುಡುಗರಿಗೆ ತಿಂಗಳಿಗೆ 30 ಡಾಲರ್, ಅದರಲ್ಲಿ ಸುಮಾರು 25 ನೇರ ಮನೆಗೆ. ಕೆಲಸ ಕಲಿಸಲು ಆಯಾ ಊರಿನ ಅನುಭವಿ ಕುಶಲಕರ್ಮಿಗಳನ್ನೇ ನೇಮಿಸುತ್ತಿದ್ದರು. ಗೋಡೆಗಳ ಅಂದಕ್ಕೆ ಅವರ ಕೈಯೇ ಕಾರಣ.

ಒರೆಗಾನ್ ರಾಜ್ಯದಲ್ಲಿ ಡಬ್ಲ್ಯುಪಿಎ ಕಟ್ಟಿದ ಟಿಂಬರ್‌ಲೈನ್ ಲಾಡ್ಜ್ ಎಂಬ ಬೆಟ್ಟದ ಹೋಟೆಲ್ ನೋಡಿ: ಮೆಟ್ಟಿಲ ಕಂಬಗಳ ಮೇಲಿನ ಪ್ರಾಣಿ-ಪಕ್ಷಿಗಳನ್ನು ಬಿಸಾಡಿದ್ದ ತಂತಿಕಂಬಗಳಲ್ಲಿ ಕೆತ್ತಿದ್ದಾರೆ, ಅಗ್ಗಿಷ್ಟಿಕೆಯಲ್ಲಿ ಸೌದೆಗೆ ಆಸರೆ ಹಳೆಯ ರೈಲು ಹಳಿ. 1937ರಲ್ಲಿ ಉದ್ಘಾಟನೆಯಾದ ಈ ಲಾಡ್ಜ್‌ನಲ್ಲಿ ಇಂದಿಗೂ ಅತಿಥಿಗಳು ತಂಗುತ್ತಾರೆ.

ಇಂಥ ಗೋಡೆಗಳು ತಪ್ಪು ದುರಸ್ತಿಯಿಂದಲೂ ಹಾಳಾಗುತ್ತವೆ. ಸಂದಿಗೆ ಮೂಲ ಗಾರೆಗಿಂತ ಗಟ್ಟಿಯಾದ ಸಿಮೆಂಟ್ ತುಂಬಿದರೆ ತೇವ ಹೊರಬರಲಾರದೆ ಚಳಿಗೆ ಕಲ್ಲಿನೊಳಗೇ ಹೆಪ್ಪುಗಟ್ಟುತ್ತದೆ, ಮೆದು ಕಲ್ಲಿನ ಮೈ ಹಕ್ಕಳೆಯಾಗಿ ಏಳುತ್ತದೆ. ಹಳೆ ಗಾರೆಯಷ್ಟೇ ಮೃದುವಾದ ಮಿಶ್ರಣ ಹಾಕಬೇಕು.