ಉಡದ ಬಾಯಿಗೆ ಕಡಿವಾಣ ಬೇಡ

ಪ್ರಿಯ ಓದುಗರೇ,

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಮೂರು ಸಲ ಓದಿದೆ. ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸುವಂಥ ಪತ್ರವಲ್ಲ ಅದು. ಅದಕ್ಕೇ ತಡವಾಯಿತು.

ಉಳಿದ ಓದುಗರಿಗಾಗಿ ವಿಷಯ ಏನೆಂದು ಹೇಳಿಬಿಡುತ್ತೇನೆ. ಇವರು ನಮಗೊಂದು ಫ್ಯಾಂಟಸಿ ಕಥೆ ಕಳಿಸಿದ್ದರು. ಮರಳುಗಾಡಿನ ಅಂಚಿನಲ್ಲಿ ಒಂದು ಕೋಟೆ. ಅಲ್ಲಿ ಗಡಿ ಕಾಯುವ ಹುಡುಗಿಗೆ ಕುದುರೆಯಷ್ಟು ಎತ್ತರದ ಉಡವೇ ವಾಹನ. ಶತ್ರುಸೈನ್ಯ ಬರುತ್ತಿರುವ ಸುದ್ದಿಯನ್ನು ಅವಳು ಒಂದೇ ರಾತ್ರಿಯಲ್ಲಿ ರಾಜಧಾನಿಗೆ ಮುಟ್ಟಿಸುತ್ತಾಳೆ. ಕಥೆಯನ್ನು ನಾವು ವಾಪಸ್ ಕಳಿಸಿದೆವು. ಜೊತೆಗೆ ನಾನು ಬರೆದದ್ದು ಒಂದೇ ಸಾಲು: "ಉಡ ಇನ್ನೂ ಉಡವಾಗಿಲ್ಲ." ಅದಕ್ಕೆ ಇವರು ಕೇಳುತ್ತಾರೆ: "ನಿಮ್ಮ ಪತ್ರಿಕೆಯಲ್ಲೇ ಮಾತಾಡುವ ಮರ ಬಂದಿದೆ, ನಡೆಯುವ ಬೆಟ್ಟ ಬಂದಿದೆ. ಅದನ್ನೆಲ್ಲ ನಂಬುವವರು ಉಡದ ಸವಾರಿಯನ್ನು ಯಾಕೆ ನಂಬಲ್ಲ? ಇಲಿಯ ಮೇಲೆ ಕೂತ ಗಣಪನನ್ನು ಯಾರೂ ಪ್ರಶ್ನೆ ಮಾಡಲ್ಲ ಅಲ್ವಾ?"

ಕೇಳಬೇಕಾದ ಪ್ರಶ್ನೆಯೇ. ಮೊದಲು ಗಣಪನ ಮಾತು ಮುಗಿಸುತ್ತೇನೆ. ಆ ಇಲಿ ರಾತ್ರಿಯೊಳಗೆ ಎಷ್ಟು ದೂರ ಹೋಗುತ್ತದೆ ಎಂದು ನಾವು ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. ಅಲ್ಲಿ ವಾಹನ ದೇವರ ಗುರುತು. ನಿಮ್ಮ ಕಥೆಯ ಉಡ ಹಾಗಲ್ಲ. ಅದು ಬೆಳಗಾಗುವುದರೊಳಗೆ ಊರು ಮುಟ್ಟಬೇಕು. ಮುಟ್ಟದಿದ್ದರೆ ಕೋಟೆ ಹೋಗುತ್ತದೆ. ಇಡೀ ಕಥೆಯ ಭಾರ ಅದರ ಬೆನ್ನ ಮೇಲಿದೆ. ಆಗ ಓದುವವರು ಆ ಬೆನ್ನನ್ನು ನೋಡಿಯೇ ನೋಡುತ್ತಾರೆ.

ಇನ್ನು ನಂಬಿಕೆಯ ಪ್ರಶ್ನೆ. ಉಡದ ಸವಾರಿಯನ್ನು ನಾನು ಮೊದಲ ಪುಟದಲ್ಲೇ ನಂಬಿದೆ, ಖುಷಿಯಿಂದ ನಂಬಿದೆ. ನಾಲ್ಕನೇ ಪುಟದಲ್ಲಿ ಉಡ ಕಾಣೆಯಾಯಿತು. ಅಲ್ಲಿ ನೀವು ಹೀಗೆ ಬರೆದಿದ್ದೀರಿ: "ಅವಳು ಲಗಾಮು ಜಗ್ಗಿದಳು. ಉಡ ಮುಂಗಾಲೆತ್ತಿ ಕೆನೆಯಿತು. ಮರುಕ್ಷಣ ನಾಗಾಲೋಟ." ಉಡ ಎಂಬ ಪದ ತೆಗೆದು ಕುದುರೆ ಎಂದು ಹಾಕಿ ಓದಿ ನೋಡಿ. ಒಂದಕ್ಷರವೂ ಬದಲಾಗಬೇಕಿಲ್ಲ. ನನ್ನ ತಕರಾರು ಇಷ್ಟೇ. ಕುದುರೆಗೆ ಉಡದ ಚರ್ಮ ಹೊದಿಸಿದರೆ ನಿಮ್ಮ ಕೈಗೆ ಸಿಕ್ಕ ಅಪರೂಪದ ಪ್ರಾಣಿ ಸುಮ್ನೆ ಕಳೆದುಹೋಗುತ್ತದೆ.

ಕುದುರೆಯ ಮೇಲೆ ನಾವು ಕೂರಲು ಆಗುವುದು ಅದರ ಮೈ ಹಾಗಿರುವುದರಿಂದ. ಅದರ ಬಾಯಿ ತೆರೆದು ನೋಡಿದರೆ, ಮುಂದಿನ ಹಲ್ಲುಗಳಿಗೂ ಒಳಗಿನ ದವಡೆ ಹಲ್ಲುಗಳಿಗೂ ನಡುವೆ ಒಂದು ಖಾಲಿ ಜಾಗ ಕಾಣುತ್ತದೆ. ಅಲ್ಲಿ ಹಲ್ಲಿಲ್ಲ, ಬರೀ ಒಸಡು. ಕಡಿವಾಣದ ಕಬ್ಬಿಣ ಕೂರುವುದು ಅಲ್ಲೇ. ಲಗಾಮು ಸ್ವಲ್ಪ ಎಳೆದರೂ ಆ ಮೆತ್ತನೆಯ ಒಸಡಿಗೆ ಗೊತ್ತಾಗುತ್ತದೆ. ಆ ಜಾಗ ಇಲ್ಲದಿದ್ದರೆ ಕಡಿವಾಣವೇ ಇರುತ್ತಿರಲಿಲ್ಲ. ಓಡುವಾಗ ಕುದುರೆಯ ಬೆನ್ನು ಜಾಸ್ತಿ ಬಾಗುವುದಿಲ್ಲ, ಆದ್ದರಿಂದ ತಡಿ ಕುಳಿತಲ್ಲೇ ಕುಳಿತಿರುತ್ತದೆ. ಮಂದೆಯಲ್ಲಿ ಬಾಳುವ ಪ್ರಾಣಿಯಾದ್ದರಿಂದ ಮುಂದೆ ಹೋಗುವವರ ಹಿಂದೆ ಹೋಗುವುದು ಅದಕ್ಕೆ ಗೊತ್ತು. ಇವುಗಳಲ್ಲಿ ಒಂದು ಇಲ್ಲವಾದರೂ ಸವಾರಿಯ ರೀತಿಯೇ ಬೇರೆಯಾಗುತ್ತದೆ.

ಈಗ ನಿಮ್ಮ ಉಡಕ್ಕೆ ಬರೋಣ. ಹಲ್ಲಿ, ಓತಿಕ್ಯಾತದಂಥವು ನಡೆಯುವಾಗ ಮೈ ಎಡಕ್ಕೆ ಬಲಕ್ಕೆ ಬಳುಕುತ್ತದೆ. ಆ ಬಳುಕಿನಲ್ಲಿ ಒಂದು ಬದಿಯ ಶ್ವಾಸಕೋಶ ಅಮುಕಿಕೊಳ್ಳುತ್ತದೆ, ಇನ್ನೊಂದು ಹಿಗ್ಗುತ್ತದೆ. ಅದಕ್ಕೇ ಅವುಗಳಲ್ಲಿ ಹೆಚ್ಚಿನವಕ್ಕೆ ಓಡುತ್ತ ಚೆನ್ನಾಗಿ ಉಸಿರಾಡಲು ಆಗುವುದಿಲ್ಲ. ಸರಕ್ಕನೆ ಓಡುತ್ತವೆ, ನಿಲ್ಲುತ್ತವೆ, ಮತ್ತೆ ಓಡುತ್ತವೆ. ಗೋಡೆಯ ಮೇಲಿನ ಹಲ್ಲಿಯನ್ನು ನೆನೆಸಿಕೊಳ್ಳಿ.

ಉಡ ಇದಕ್ಕೊಂದು ದಾರಿ ಕಂಡುಕೊಂಡಿದೆ. ಆಫ್ರಿಕಾದ ಒಂದು ಜಾತಿಯ ಉಡಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಎಕ್ಸ್-ರೇ ಇಟ್ಟು ನೋಡಿದ ಸಂಶೋಧಕರು 1999ರಲ್ಲಿ ಅದನ್ನು ತೋರಿಸಿದರು. ಓಡುವಾಗ ಉಡ ಗಂಟಲನ್ನು ಉಬ್ಬಿಸಿ ಗಾಳಿ ತುಂಬಿಕೊಳ್ಳುತ್ತದೆ. ಆಮೇಲೆ ಗಂಟಲನ್ನು ಅಮುಕಿ ಆ ಗಾಳಿಯನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ. ತಿದಿ ಒತ್ತಿದ ಹಾಗೆ. ಬಾಯಿ ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟಾಗ ಆ ತಿದಿ ಕೆಲಸ ಮಾಡಲಿಲ್ಲ.

ಬಾಯಿಗೆ ಅಡ್ಡ ಇಟ್ಟರೆ ಉಸಿರು ಸಾಲದು! ನೀವು ಉಡದ ಬಾಯಿಗೆ ಕಡಿವಾಣ ಹಾಕಿದ್ದೀರಿ. ಸಾಲದ್ದಕ್ಕೆ ಕುತ್ತಿಗೆಗೆ ಬಿಗಿಯಾದ ಚರ್ಮದ ಪಟ್ಟಿಯನ್ನೂ ಕಟ್ಟಿದ್ದೀರಿ. ಎರಡನ್ನೂ ಬಿಚ್ಚಿಬಿಡಿ. ಹಾಗಾದರೆ ಅವಳು ಅದನ್ನು ನಡೆಸುವುದು ಹೇಗೆ? ಈ ಪ್ರಶ್ನೆ ಬಂತು ಅಂದರೆ ಕಥೆ ಶುರುವಾಯಿತು ಎಂದೇ ಅರ್ಥ.

ಕುದುರೆಯಲ್ಲದ ಪ್ರಾಣಿಗಳ ಮೇಲೆ ನಿಜವಾಗಿ ಕೂತವರು ಏನು ಮಾಡಿದ್ದಾರೆ ನೋಡಿ. ಆನೆಯ ಬೆನ್ನು ಅಷ್ಟು ಅಗಲವಿದ್ದರೂ ಮಾವುತ ಕೂರುವುದು ಕತ್ತಿನ ಮೇಲೆ. ಕಿವಿಯ ಹಿಂದೆ ಕಾಲ್ಬೆರಳು ಒತ್ತಿಯೇ ಅರ್ಧ ಮಾತು ಮುಗಿಸುತ್ತಾನೆ. ಸಹಾರಾದ ತುವಾರೆಗ್ ಜನ ಒಂಟೆಯ ಡುಬ್ಬದ ಮುಂದೆ ತಡಿ ಹಾಕಿ, ಬರಿಗಾಲನ್ನು ಅದರ ಕುತ್ತಿಗೆಯ ಮೇಲಿಟ್ಟು ನಡೆಸುತ್ತಾರೆ. ದಕ್ಷಿಣ ಅರೇಬಿಯಾದಲ್ಲಿ ಅದೇ ಒಂಟೆಗೆ ಡುಬ್ಬದ ಹಿಂದೆ ತಡಿ. ಸೈಬೀರಿಯಾದ ಇವೆಂಕಿ ಜನ ಹಿಮಸಾರಂಗದ ಮೇಲೆ ಸವಾರಿ ಮಾಡುತ್ತಾರೆ. ಅದರ ನಡುಬೆನ್ನು ಮನುಷ್ಯನ ಭಾರ ತಡೆಯುವುದಿಲ್ಲ. ಆದ್ದರಿಂದ ತಡಿ ಭುಜದ ಮೇಲಕ್ಕೆ ಬರುತ್ತದೆ. ತಡಿ ಎಲ್ಲಿ ಕೂರಬೇಕು ಅನ್ನುವುದನ್ನು ಪ್ರಾಣಿಯ ಮೂಳೆ ಹೇಳುತ್ತದೆ.

ನಿಮ್ಮ ಹುಡುಗಿಯನ್ನು ಉಡದ ನಡುಬೆನ್ನಿನ ಮೇಲೆ ಕೂರಿಸಿದರೆ ಆ ಬಳುಕಿಗೆ ಅವಳು ಎಡಕ್ಕೂ ಬಲಕ್ಕೂ ಓಲಾಡುತ್ತಲೇ ಇರಬೇಕು. ಮೈ ಕಡಿಮೆ ಹೊಯ್ದಾಡುವುದು ಮುಂಗಾಲು, ಹಿಂಗಾಲು ಮೈಗೆ ಸೇರುವ ಕಡೆ. ಹಾಗಾಗಿ ಅವಳ ಜಾಗ ಭುಜದ ಮೇಲೆ. ಅಲ್ಲಿ ಕೂತರೆ ಅವಳ ಪಾದಗಳು ಗಂಟಲಿನ ಎರಡು ಬದಿಗೆ ಬರುತ್ತವೆ. ಉಡ ಉಸಿರು ತುಂಬಿಕೊಂಡಾಗಲೆಲ್ಲ ಅವಳ ಹಿಮ್ಮಡಿಗೆ ಅದು ತಾಗುತ್ತದೆ. ದಣಿದಿದೆಯೋ, ಹೆದರಿದೆಯೋ, ಇನ್ನೂ ಓಡಬಲ್ಲದೋ ಎಲ್ಲ ಅವಳಿಗೆ ಕಾಲಿನಲ್ಲೇ ಗೊತ್ತಾಗುತ್ತದೆ. ಲಗಾಮು ಕೈಯಲ್ಲಿದ್ದಾಗ ಅವಳಿಗೂ ಉಡಕ್ಕೂ ಇಷ್ಟು ಹತ್ತಿರದ ಸಂಬಂಧ ಇರಲಿಲ್ಲ.

ಇನ್ನು ಆ ರಾತ್ರಿ. ಉಡದ ಮೈಗೆ ಬಿಸಿ ಬರುವುದು ಬಿಸಿಲಿನಿಂದ, ಕಾದ ನೆಲದಿಂದ. ಮೈ ತಣ್ಣಗಾದರೆ ಕಾಲು ಏಳುವುದಿಲ್ಲ. ಆದರೆ ನಿಮ್ಮದು ಭಾರೀ ಉಡ. ದೊಡ್ಡ ಮೈ ನಿಧಾನವಾಗಿ ತಣಿಯುತ್ತದೆ. ಹಗಲೆಲ್ಲ ಬಿಸಿಲು ಕಾಯಿಸಿಕೊಂಡ ಉಡ ರಾತ್ರಿಯ ಮೊದಲ ಜಾವ ಚೆನ್ನಾಗಿಯೇ ಓಡೀತು. ಎರಡನೇ ಜಾವದಲ್ಲಿ ಹೆಜ್ಜೆ ಭಾರವಾಗುತ್ತದೆ. ಮರಳುಗಾಡಿನ ಚಳಿ ಬೇರೆ. ಮೂರನೇ ಜಾವದ ಹೊತ್ತಿಗೆ ಅದು ನಿಂತುಬಿಡುತ್ತದೆ. ಹೊಡೆದರೂ ಬೇಡಿಕೊಂಡರೂ ಸೂರ್ಯ ಬರುವವರೆಗೆ ಕದಲುವುದಿಲ್ಲ. ಶತ್ರುಗಳಿಗೂ ಇದು ಗೊತ್ತಿದ್ದರೆ? ಅವರು ದಂಡೆತ್ತಿ ಬರುವುದೇ ಚಳಿಗಾಲದ ಬೆಳಗಿನ ಜಾವದಲ್ಲಿ. ನಿಮ್ಮ ಕಥೆಯಲ್ಲಿ ಈಗ ಅವಳನ್ನು ತಡೆಯಲು ದಾರಿಗಳ್ಳರು ಬರುತ್ತಾರೆ. ಅವರು ಬೇಕೇ ಇಲ್ಲ. ಚಳಿಯೇ ಸಾಕು.

ಊಟದ ವಿಷಯದಲ್ಲಿ ಮಾತ್ರ ಉಡ ಕುದುರೆಗಿಂತ ಎಷ್ಟೋ ಮೇಲು. ಕುದುರೆ ಹೊತ್ತುಹೊತ್ತಿಗೆ ಮೇಯಬೇಕು, ಸೈನ್ಯದ ಹಿಂದೆ ಹುಲ್ಲಿನ ಗಾಡಿ ಹೋಗಬೇಕು. ಉಡದ ಬಳಗದಲ್ಲೇ ದೊಡ್ಡದಾದ ಕೊಮೊಡೊ ಡ್ರ್ಯಾಗನ್ ಒಂದೇ ಸಲಕ್ಕೆ ತನ್ನ ತೂಕದ ಶೇ. 80ರಷ್ಟು ಮಾಂಸ ತಿನ್ನಬಲ್ಲದು. ಆಮೇಲೆ ಬಹಳ ದಿನ ಊಟವಿಲ್ಲದೆ ಇರುತ್ತದೆ. ಹೊಟ್ಟೆ ತುಂಬಿದಾಗ ಯಾರಾದರೂ ಮೇಲೆ ಬಿದ್ದರೆ, ತಿಂದದ್ದನ್ನು ಕಕ್ಕಿ ಹಗುರಾಗಿ ಓಡುತ್ತದೆ. ಸೀಳು ನಾಲಿಗೆ ಹೊರಚಾಚಿ ವಾಸನೆ ಹಿಡಿಯುತ್ತದೆ. ಹಲವು ಕಿಲೋಮೀಟರ್ ದೂರದಲ್ಲಿ ಸತ್ತು ಬಿದ್ದ ಪ್ರಾಣಿಯೂ ಅದಕ್ಕೆ ಗೊತ್ತಾಗುತ್ತದೆ. ಗಡಿ ಕಾಯುವವಳಿಗೆ ಇದಕ್ಕಿಂತ ಒಳ್ಳೆಯ ಜೊತೆ ಬೇಕೇ? ನಿಮ್ಮ ಉಡ ಇಡೀ ಕಥೆಯಲ್ಲಿ ಒಂದು ಸಲವೂ ನಾಲಿಗೆ ಚಾಚಿಲ್ಲ. ನನಗೆ ತುಂಬ ಬೇಸರವಾದದ್ದು ಅಲ್ಲೇ. ಹಾಗೆಯೇ ಅದು ಕೆನೆಯುವುದಿಲ್ಲ, ಬುಸುಗುಡುತ್ತದೆ. ಸಿಟ್ಟು ಬಂದರೆ ಬಾಲವನ್ನು ಚಾಟಿಯ ಹಾಗೆ ಬೀಸುತ್ತದೆ.

ಪತ್ರದ ಕೊನೆಯಲ್ಲಿ ಮುಂದಿನ ಕಥೆಗಳಿಗೆ ಅಂತ ಮೂರು ಪ್ರಾಣಿ ಹೆಸರಿಸಿದ್ದೀರಿ: ಹುಲಿ (ಅದೂ 500 ಹುಲಿಗಳ ಪಡೆ), ದೈತ್ಯ ಹದ್ದು, ದೈತ್ಯ ಜೇಡ.

ಹುಲಿ ದಂಡಿಗೆ ನನ್ನ ಮನಸ್ಸು ಅಷ್ಟಾಗಿ ಒಪ್ಪುವುದಿಲ್ಲ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಜಿಂಕೆಯಂಥ ಬೇಟೆ ಬೇಕು. ನಿಮ್ಮ 500 ಹುಲಿಗಳ ಪಡೆಗೆ ಅಲ್ಲಿಗೆ 25,000 ಆಯಿತು. ಮನುಷ್ಯನನ್ನು ಹೊರುವಷ್ಟು ದೊಡ್ಡ ಹುಲಿಯಾದರೆ ಇನ್ನೂ ಜಾಸ್ತಿ. ಅಷ್ಟನ್ನು ಒದಗಿಸುವ ರಾಜ್ಯ ಎಂಥದ್ದು ಎಂದು ಬರೆಯುವುದಾದರೆ ಅದು ಬೇರೆ ಕಥೆ, ಒಳ್ಳೆಯ ಕಥೆಯೂ ಆದೀತು. ಬೆಕ್ಕಿನ ಜಾತಿಯ ಬೆನ್ನು ಓಡುವಾಗ ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುತ್ತದೆ ಎಂಬುದೂ ನೆನಪಿರಲಿ. ಅದರ ಮೇಲೆ ಕೂತವರು ಎರಡು ನೆಗೆತಕ್ಕೆ ನೆಲದ ಮೇಲಿರುತ್ತಾರೆ.

ಹದ್ದಿನ ವಿಷಯದಲ್ಲಿ ಲೆಕ್ಕ ಹಾಕಲು ಹೋಗಬೇಡಿ. ಪ್ರಾಣಿಯ ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಮೂಳೆಯ ಬಲ ನಾಲ್ಕೇ ಪಟ್ಟು. ಗೆಲಿಲಿಯೋ 1638ರಲ್ಲೇ ಇದನ್ನು ವಿವರಿಸಿದ್ದ. ಇವತ್ತು ಹಾರುವ ಹಕ್ಕಿಗಳಲ್ಲಿ ತುಂಬ ಭಾರದ್ದು ಎಂದರೆ 20 ಕೆ.ಜಿ. ಆಸುಪಾಸು. ಅಲ್ಲಿ ಮಂತ್ರವನ್ನೇ ನಂಬಿ, ನಾನೂ ನಂಬುತ್ತೇನೆ. ಆದರೆ ಕಾಲು ಎಲ್ಲಿಡಬೇಕು ಎಂಬುದನ್ನು ಮಂತ್ರಕ್ಕೆ ಬಿಡಬೇಡಿ. ಉಷ್ಟ್ರಪಕ್ಷಿಯ ಸವಾರಿ ಮಾಡುವವರು ರೆಕ್ಕೆಯ ಬುಡ ಹಿಡಿದು ಕೂರುತ್ತಾರೆ. ಅದು ಹಾರುವುದಿಲ್ಲ, ಹಾಗಾಗಿ ರೆಕ್ಕೆ ಹಿಡಿದರೂ ತೊಂದರೆಯಿಲ್ಲ. ಹಾರುವ ಹದ್ದಿನ ರೆಕ್ಕೆ ಹಿಡಿದರೆ ಇಬ್ಬರೂ ಬಿದ್ದಂತೆಯೇ.

ಜೇಡವನ್ನು ಮಾತ್ರ ಬಿಡಬೇಡಿ! ಜೇಡದ ಕಾಲಿನ ಕೆಲವು ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವ ಸ್ನಾಯು ಇಲ್ಲ. ಮೈಯೊಳಗಿನ ದ್ರವವನ್ನು ಒತ್ತಡದಿಂದ ಕಾಲಿಗೆ ನೂಕಿ ಅದು ಕಾಲು ಚಾಚುತ್ತದೆ. ಸತ್ತ ಜೇಡದ ಕಾಲುಗಳು ಒಳಕ್ಕೆ ಮಡಚಿಕೊಂಡಿರುವುದು ಅದಕ್ಕೇ. ಯುದ್ಧದ ನಡುವೆ ಅದರ ಹೊಟ್ಟೆಗೆ ಈಟಿ ನೆಟ್ಟಿತು ಎಂದುಕೊಳ್ಳಿ. ದ್ರವ ಸೋರುತ್ತ ಹೋದಂತೆ ಎಂಟು ಕಾಲೂ ನಿಧಾನವಾಗಿ ಒಳಕ್ಕೆ ಬರುತ್ತವೆ. ಸವಾರ ಮೇಲೇ ಇದ್ದಾನೆ. ಜೇಡ ಪೊರೆ ಬಿಡುವ ಪ್ರಾಣಿ ಕೂಡ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದರ ಮೈ ಮೆತ್ತಗೆ. ಆ ದಿನಗಳಲ್ಲಿ ಸವಾರನೇ ಅದನ್ನು ಕಾಯಬೇಕು.

ಇನ್ನೊಂದು ಮಾತು. ಅಪರೂಪದ ವಾಹನಕ್ಕೆ ಹೆದರುವವರಲ್ಲಿ ಎದುರಾಳಿಯ ಕುದುರೆಯೇ ಮೊದಲು. ಕ್ರಿ.ಪೂ. 6ನೇ ಶತಮಾನದಲ್ಲಿ ಪರ್ಷಿಯಾದ ದೊರೆ ಸೈರಸ್ ಲಿಡಿಯಾದ (ಈಗಿನ ಟರ್ಕಿಯಲ್ಲಿದ್ದ ರಾಜ್ಯ) ಕುದುರೆ ದಂಡಿನ ಮುಂದೆ ಸಾಮಾನು ಹೊರುವ ಒಂಟೆಗಳನ್ನು ನಿಲ್ಲಿಸಿದ. ಒಂಟೆಯ ವಾಸನೆಗೇ ಕುದುರೆಗಳು ತಿರುಗಿ ಓಡಿದವು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ನಮ್ಮದೇ ವಾಹನ ಹೆದರಿದರೆ ಏನಾಗುತ್ತದೆ ಎಂಬುದಕ್ಕೂ ಕಥೆ ಇದೆ. ಕ್ರಿ.ಪೂ. 207ರ ಮೆಟಾರಸ್ ಯುದ್ಧದಲ್ಲಿ ರೋಮಿನ ಎದುರಾಳಿಯಾಗಿದ್ದ ಕಾರ್ತೇಜಿನ ಮಾವುತರ ಬಳಿ ಉಳಿ, ಸುತ್ತಿಗೆ ಇದ್ದವಂತೆ. ಆನೆ ಬೆದರಿ ತಮ್ಮವರನ್ನೇ ತುಳಿಯತೊಡಗಿದರೆ ತಲೆ ಕತ್ತು ಸೇರುವಲ್ಲಿ ಉಳಿ ಇಟ್ಟು ಹೊಡೆಯಬೇಕು. ರೋಮಿನ ಇತಿಹಾಸಕಾರ ಲಿವಿ ಇದನ್ನು ದಾಖಲಿಸಿದ್ದಾನೆ. ದಿನಾ ಮೀಯಿಸಿ ಮೇಯಿಸಿದ ಪ್ರಾಣಿಯನ್ನು ಕೊಲ್ಲುವ ಉಳಿ ಸೊಂಟದಲ್ಲೇ ಇರುತ್ತಿತ್ತು. ನಿಮ್ಮ ಹುಡುಗಿಯ ಸೊಂಟದಲ್ಲಿ ಏನಿದೆ?

ಕಥೆಯನ್ನು ಪೂರ್ತಿ ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಕೋಟೆ ಇರಲಿ, ಹುಡುಗಿ ಇರಲಿ, ಅವಳ ಅಜ್ಜಿ ಉಡದ ಮೊಟ್ಟೆಗಳನ್ನು ಬಿಸಿ ಮರಳಿನಲ್ಲಿ ಕಾಯುವ ಆ ಚಂದದ ಪುಟ ಖಂಡಿತ ಇರಲಿ. ನಾಲ್ಕನೇ ಪುಟದಿಂದ ಇನ್ನೊಮ್ಮೆ ಬರೆಯಿರಿ. ಮೂರನೇ ಜಾವ. ರಾಜಧಾನಿ ಇನ್ನೂ ದೂರ. ಹಿಂದೆ ಶತ್ರುಗಳ ಪಂಜು ಕಾಣುತ್ತಿದೆ. ಅವಳ ಹಿಮ್ಮಡಿಯ ಕೆಳಗೆ ಆ ಗಂಟಲು ಉಬ್ಬುವುದು ನಿಧಾನವಾಗುತ್ತಿದೆ. ಬಿಸಿಲು ಬರುವವರೆಗೆ ಅವಳು ಏನು ಮಾಡುತ್ತಾಳೆ? ಬರೆದು ನೇರ ನನ್ನ ಹೆಸರಿಗೇ ಕಳಿಸಿ, ಬಂದ ದಿನವೇ ಓದುತ್ತೇನೆ.

– ಸಂಪಾದಕ