ಕ್ಯಾಮರಾದ ಬೀಗದಕೈ ಯಾರ ಹತ್ತಿರ?

ಪ್ರಶ್ನೆ: ನಮ್ಮದು ಅಡಿಕೆ ತೋಟದ ಮನೆ. ಮನೆಯಲ್ಲಿ ನಾನು, ಯಜಮಾನರು, 82 ವರ್ಷದ ಅತ್ತೆ. ಎಂಟು ವರ್ಷದ ಹಿಂದೆ ಅಂಗಳದಲ್ಲಿ ಒಣಹಾಕಿದ ಅಡಿಕೆ ಕಳವಾದ ಮೇಲೆ ನಾಲ್ಕು ಕ್ಯಾಮರಾ, ಚಿತ್ರ ತುಂಬಿಡುವ ಪೆಟ್ಟಿಗೆ ಒಂದು (ಡಿವಿಆರ್) ಹಾಕಿಸಿದ್ದೆವು. ಈಗ ಚಿತ್ರ ಮಸುಕು. ಶಾರ್ಜಾದಲ್ಲಿರುವ ಮಗ ಹೊಸ ವೈಫೈ ಕ್ಯಾಮರಾ ಹಾಕಿಸಿ, ಒಂದನ್ನು ಅಜ್ಜಿಯ ಕೋಣೆಯಲ್ಲೂ ಇಡಿ ಅನ್ನುತ್ತಾನೆ. ಕಳೆದ ಮಳೆಗಾಲದಲ್ಲಿ ಅವರು ಬಚ್ಚಲಿಗೆ ಹೋಗುವ ದಾರಿಯಲ್ಲಿ ಬಿದ್ದಿದ್ದರು. ಅಂಗಡಿಯವರು ಹಳೆ ಡಿವಿಆರ್ ತಗೊಂಡು 500 ರೂಪಾಯಿ ಕಡಿಮೆ ಮಾಡುತ್ತಾರಂತೆ, ಪಾಸ್‌ವರ್ಡ್ ಅವರೇ ಇಟ್ಟುಕೊಳ್ಳುತ್ತಾರಂತೆ. ಮಲಯಾಳದಲ್ಲಿ ಹೇಳಿದ್ದು ನನಗೆ ಅರ್ಧ ಅರ್ಥವಾಯಿತು. ಹೊರಗಿನವರು ಮನೆಯೊಳಗೆ ನೋಡುವಂತಾದರೆ ಎಂಬ ಹೆದರಿಕೆ. ಏನು ಮಾಡಲಿ?
— ಹೆಸರು ಬೇಡ, ನೀರ್ಚಾಲು, ಕಾಸರಗೋಡು

ಉತ್ತರ: ಅಕ್ಕಾ, ಹೆದರಿದ್ದು ಒಳ್ಳೆಯದೇ ಆಯಿತು. ಪಾಸ್‌ವರ್ಡ್ ಅಂಗಡಿಯವರ ಹತ್ತಿರ ಇರುವುದಕ್ಕೆ ಮಾತ್ರ ಒಪ್ಪಬೇಡಿ. ಉಳಿದದ್ದೆಲ್ಲ ಆಮೇಲೆ.

ಎರಡು ವರ್ಷದ ಹಿಂದೆ ಪೆರ್ಲದ ನನ್ನ ಚಿಕ್ಕಮ್ಮನ ಮನೆಯ ಕ್ಯಾಮರಾ ಕೆಟ್ಟಾಗ, ಅದನ್ನು ಹಾಕಿದ ಹುಡುಗನನ್ನೇ ಕರೆಸಿದ್ದೆವು. ಜಗಲಿಯಲ್ಲಿ ಕೂತು ಅವನು ತನ್ನ ಫೋನ್ ತೆರೆದ. ಅದರಲ್ಲಿ ಮನೆಗಳ ಪಟ್ಟಿ, ಮೂವತ್ತಕ್ಕೂ ಹೆಚ್ಚು. ಚಿಕ್ಕಮ್ಮನ ಮನೆ ಹುಡುಕುವಾಗ ಬೆರಳು ಬೇರೆ ಹೆಸರಿಗೆ ತಾಗಿತು. ಯಾರದೋ ಅಂಗಳ, ಹಗ್ಗದ ಮೇಲೆ ಬಟ್ಟೆ, ಗೆರಸೆಯಲ್ಲಿ ಅಕ್ಕಿ ಕೇರುತ್ತಿದ್ದ ಹೆಂಗಸು. ನಾವು ನೋಡಿದ್ದು ಆಕೆಗೆ ಗೊತ್ತೇ ಇಲ್ಲ. ಹುಡುಗ ಕೆಟ್ಟವನಲ್ಲ, ರಿಪೇರಿಗೆ ಸುಲಭವಾಗಲಿ ಎಂದು ಎಲ್ಲರ ಖಾತೆಯನ್ನೂ ತನ್ನ ನಂಬರಿನಲ್ಲೇ ತೆರೆದಿದ್ದ. ಅವನ ಫೋನ್ ಬಸ್ಸಿನಲ್ಲಿ ಬಿದ್ದುಹೋದರೆ ಆ ಮೂವತ್ತು ಅಂಗಳಗಳು ಯಾರ ಕೈಗೆ ಸಿಗುತ್ತವೆ? ಆ ಹೆಂಗಸಿನ ಚಿತ್ರ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಹೆಚ್ಚಿನ ಆ್ಯಪ್‌ಗಳಲ್ಲಿ ಕ್ಯಾಮರಾದ ಮೇಲಿನ ಕ್ಯೂಆರ್ ಚೀಟಿಯನ್ನು ಮೊದಲು ಸ್ಕ್ಯಾನ್ ಮಾಡಿದ ಖಾತೆಯೇ ಯಜಮಾನ. ಆ ಖಾತೆಯವರು ಬಿಟ್ಟುಕೊಡದೆ ಇನ್ನೊಬ್ಬರ ಹೆಸರಿಗೆ ಮಾಡುವುದು ಕಷ್ಟ. ಹಾಗಾಗಿ ಕೆಲಸಕ್ಕೆ ಬಂದವನ ಕೈಗೆ ನಿಮ್ಮ ಫೋನ್ ಕೊಟ್ಟು, 'ಇದರಲ್ಲೇ ಮಾಡು ಮಾರಾಯ' ಅನ್ನಿ. ಪಾಸ್‌ವರ್ಡ್ ನೀವೇ ಒತ್ತಿ. ಮರೆತುಹೋಗುತ್ತದೆ ಎಂದಾದರೆ ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಡಿ, ತಪ್ಪೇನಿಲ್ಲ. ಹೊಸ ಫೋನಿನಿಂದ ಯಾರಾದರೂ ಒಳಗೆ ಬರಲು ನೋಡಿದರೆ ನಿಮಗೆ ಕೋಡ್ ಬರುವ ಎರಡು ಹಂತದ ಪರಿಶೀಲನೆ ಇದ್ದರೆ ಅದನ್ನೂ ಹಾಕಿಸಿ. ಮಗನಿಗೆ ನಿಮ್ಮ ಖಾತೆಯಿಂದಲೇ 'ಶೇರ್' ಕೊಟ್ಟರೆ ಶಾರ್ಜಾದಲ್ಲಿ ಕೂತು ನೋಡಬಹುದು.

ಹಳೆ ಡಿವಿಆರ್ ವಿಷಯ. ಅದರೊಳಗಿನ ಹಾರ್ಡ್‌ಡಿಸ್ಕಿನಲ್ಲಿ ನಿಮ್ಮ ಮನೆಗೆ ಯಾರು ಬಂದರು, ನೀವು ಎಷ್ಟು ಹೊತ್ತಿಗೆ ಹೊರಗೆ ಹೋದಿರಿ ಎಲ್ಲ ಕೂತಿದೆ. ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಅಳಿಯಿತು ಎನ್ನಲಾಗದು, ಮರಳಿ ತೆಗೆಯುವ ಸಾಫ್ಟ್‌ವೇರ್‌ಗಳಿವೆ. ಮುಚ್ಚಳ ತೆಗೆಸಿ, ಡಿಸ್ಕ್ ಬಿಚ್ಚಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಅಂಗಡಿಯವರು 500 ರೂಪಾಯಿಯ ಬದಲು 200 ಮಾತ್ರ ಕಡಿಮೆ ಮಾಡಿದರೂ ಅಡ್ಡಿಯಿಲ್ಲ. ಆಗಿನ ಕಾಲದಲ್ಲಿ ಹೊರಗಿನಿಂದ ನೋಡಲು ರೂಟರಿನಲ್ಲಿ 'ಪೋರ್ಟ್' ಎಂಬ ಇಂಟರ್ನೆಟ್ಟಿನ ಬಾಗಿಲು ತೆರೆದಿಡುವ ವಾಡಿಕೆಯಿತ್ತು. ನಿಮ್ಮಲ್ಲೂ ತೆರೆದಿದ್ದರೆ ಮುಚ್ಚಿಸಿ, ಯಂತ್ರಗಳು ತಾವಾಗಿಯೇ ಆ ಬಾಗಿಲು ತೆರೆಯಲು ಬಿಡುವ ಯುಪಿಎನ್‌ಪಿ ಎಂಬುದನ್ನೂ ಆಫ್ ಮಾಡಿಸಿ. ಸಣ್ಣ ವಿಷಯವಲ್ಲ ಇದು. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಂ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಕ್ಯಾಮರಾ, ಡಿವಿಆರ್‌ಗಳ ಬಾಗಿಲು ಬಡಿಯುತ್ತಾ ಹೋಯಿತು. ಅದರ ಕೈಲಿದ್ದದ್ದು ಕಾರ್ಖಾನೆಯವರು ಇಟ್ಟ ಅರುವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳು, ಅಷ್ಟೆ. ಲಕ್ಷಗಟ್ಟಲೆ ಯಂತ್ರಗಳು ಅದರ ವಶವಾದವು. ಆ ವರ್ಷ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ಸಿಗದಂತಾದದ್ದು ಇಂಥ ಯಂತ್ರಗಳಿಂದ ಒಟ್ಟಿಗೆ ಮಾಡಿಸಿದ ದಾಳಿಯಿಂದಲೇ.

ಹೊಸದನ್ನು ಕೊಳ್ಳುವಾಗ ಕೇಂದ್ರ ಸರಕಾರದ ಪರೀಕ್ಷಾ ಸಂಸ್ಥೆಯಾದ ಎಸ್‌ಟಿಕ್ಯೂಸಿಯ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ಕ್ಯಾಮರಾಗಳ ಸುರಕ್ಷತೆಯ ಪರೀಕ್ಷೆ ಆಗಲೇಬೇಕು ಎಂಬ ಕೇಂದ್ರದ ನಿಯಮ 2025ರ ಏಪ್ರಿಲ್ 9ರಿಂದ ಜಾರಿಯಲ್ಲಿದೆ. ಹಳೆ ಸ್ಟಾಕ್ ಅಗ್ಗಕ್ಕೆ ಕೊಡುತ್ತೇನೆ ಎಂದರೆ ಬೇಡ. ರೂಟರಿನಲ್ಲಿ ನೆಂಟರಿಗೆಂದು ಬೇರೆಯಾಗಿ ಕೊಡುವ 'ಗೆಸ್ಟ್' ವೈಫೈ ಇದ್ದರೆ ಕ್ಯಾಮರಾಗಳನ್ನು ಅದಕ್ಕೆ ಸೇರಿಸಿ, ಬ್ಯಾಂಕಿನ ವ್ಯವಹಾರ ಮಾಡುವ ಫೋನ್ ಮನೆಯ ವೈಫೈಯಲ್ಲೇ ಇರಲಿ. ನಮ್ಮ ಕಡೆಯ ಕೆಂಪುಕಲ್ಲಿನ ದಪ್ಪ ಗೋಡೆ ದಾಟಿ ಅಂಗಳದ ಕೊನೆಗೆ ವೈಫೈ ಸರಿಯಾಗಿ ಮುಟ್ಟುವುದಿಲ್ಲ, ಅಲ್ಲಿಗೆ ಕೇಬಲ್ಲೇ ಒಳ್ಳೆಯದು. ಪಕ್ಕದ ಮನೆಯ ಬಾವಿಕಟ್ಟೆ ಚಿತ್ರದಲ್ಲಿ ಬರುವುದಾದರೆ ಅಷ್ಟು ಭಾಗವನ್ನು ಕಪ್ಪು ಮಾಡುವ 'ಪ್ರೈವೆಸಿ ಮಾಸ್ಕ್' ಹೆಚ್ಚಿನ ಕ್ಯಾಮರಾಗಳಲ್ಲಿರುತ್ತದೆ. ಅದನ್ನು ಹಾಕಿಸಿ.

ಇನ್ನು ಅಜ್ಜಿಯ ಕೋಣೆ. ಅತ್ತೆಯವರನ್ನು ಕೇಳಿದಿರಾ ಅಕ್ಕಾ? ನಿಮ್ಮ ಪತ್ರದಲ್ಲಿ ಮಗನ ಮಾತಿದೆ, ಅಂಗಡಿಯವರ ಮಾತಿದೆ, ಅವರ ಮಾತಿಲ್ಲ. ಅವರು ಸೀರೆ ಬದಲಿಸುವುದು, ಎಣ್ಣೆ ಹಚ್ಚಿಸಿಕೊಳ್ಳುವುದು ಎಲ್ಲ ಆ ಕೋಣೆಯಲ್ಲೇ ಅಲ್ಲವೇ? ನಿಮ್ಮ ಪಾಸ್‌ವರ್ಡ್ ಎಷ್ಟೇ ಗಟ್ಟಿಯಿದ್ದರೂ ಕಂಪನಿಯ ಕಡೆಯಿಂದಲೇ ತಪ್ಪಾಗಬಹುದು. 2024ರ ಫೆಬ್ರವರಿಯಲ್ಲಿ ವೈಜ್ ಎಂಬ ಅಮೆರಿಕದ ಕಂಪನಿಯ ಸುಮಾರು 13,000 ಗ್ರಾಹಕರಿಗೆ ಬೇರೆಯವರ ಮನೆಯ ಚಿತ್ರಗಳು ಕಂಡಿದ್ದವು. ಕೋಲ್ಕತ್ತಾದ ಒಂದೇ ಮನೆಯ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಅಲ್ಲಿನ ಹೈಕೋರ್ಟ್, ಜೊತೆಗಿರುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮರಾ ನಡೆಸಬಾರದು ಎಂದಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೂ ಆ ತೀರ್ಪನ್ನು ಬದಲಿಸಲಿಲ್ಲ.

ಮತ್ತೊಂದು. ಅವರು ಬಿದ್ದದ್ದು ಬಚ್ಚಲಿನ ದಾರಿಯಲ್ಲಿ. ಕೋಣೆಯ ಕ್ಯಾಮರಾಕ್ಕೆ ಅದು ಕಾಣುತ್ತಲೇ ಇರಲಿಲ್ಲ. ಆ ದಾರಿಯ ಗೋಡೆಗೆ ಹಿಡಿಕೆ, ರಾತ್ರಿಯಿಡೀ ಉರಿಯುವ ಸಣ್ಣ ದೀಪ, ಕುತ್ತಿಗೆಗೆ ಹಾಕಿಕೊಳ್ಳುವ ಗುಂಡಿಯ ಕರೆಗಂಟೆ ಮೊದಲು ಮಾಡಿಸಿ. ಆಮೇಲೂ ಮಗನಿಗೆ ಸಮಾಧಾನವಾಗದಿದ್ದರೆ ಅತ್ತೆಯವರಿಗೆ ಫೋನಿನಲ್ಲಿ ಅಂಗಳದ ಚಿತ್ರ ತೋರಿಸಿ, 'ನಿಮ್ಮ ಕೋಣೆಯೂ ಹೀಗೆ ಅವನಿಗೆ ಕಾಣುತ್ತದೆ, ಆಗಬಹುದಾ?' ಎಂದು ಕೇಳಿ. ಎಣ್ಣೆ ಹಚ್ಚಲು ಬರುವ ಹೆಂಗಸು ಇದ್ದರೆ ಅವಳನ್ನೂ ಕೇಳಬೇಕು. ಅಂಗಡಿಗೆ ಎಷ್ಟು ಕ್ಯಾಮರಾ ಎಂದು ಹೇಳುವುದು ಅದಾದ ಮೇಲೆ.